ರೊಟ್ಟಿಗೆ ಬೇಡಿಕೆ ಇದೆ, ಬಡಿಯುವ ಕೈಗಳಿಲ್ಲ: ಖಾನಾವಳಿಗಳು ಉಳಿಯುವ ಬಗೆ ಹೇಗೆ?

ಬೈಲಹೊಂಗಲ: ಕೋರ್ಟಿನ ವಾಯಿದೆಗೆ ಬಂದ ರೈತ, ಪೇಟೆಗೆ ಹತ್ತಿ ತಂದ ಹಮಾಲ, ಆಸ್ಪತ್ರೆಯಲ್ಲಿ ಮಲಗಿರುವ ರೋಗಿಯ ಸಂಬಂಧಿಕ, ಬಾಡಿಗೆ ಕೋಣೆಯ ಕಾಲೇಜು ವಿದ್ಯಾರ್ಥಿ, ವರ್ಗವಾಗಿ ಬಂದ ಗುಮಾಸ್ತ. ಇವರೆಲ್ಲ ಪರಸ್ಪರ ಪರಿಚಯವಿಲ್ಲದೆಯೂ ಒಂದೇ ಸಾಲಿನಲ್ಲಿ ಕುಳಿತು ಉಣ್ಣುತ್ತಿದ್ದ ಜಾಗವೆಂದರೆ ಖಾನಾವಳಿ. ಇಂಗ್ಲೆಂಡಿನ ಹಳ್ಳಿಗಳಿಗೆ ಪಬ್ ಹೇಗೋ ಬೆಳಗಾವಿ ಜಿಲ್ಲೆಯ ಪೂರ್ವ ಭಾಗದ ಊರುಗಳಿಗೆ ಖಾನಾವಳಿ ಹಾಗೆ. ಹೊಟ್ಟೆ ತುಂಬುವುದರ ಜೊತೆಗೆ ಊರಿನ ಸುದ್ದಿ, ಧಾರಣಿ, ಮಳೆ-ಬೆಳೆ, ರಾಜಕೀಯ ಎಲ್ಲವೂ ಅಲ್ಲಿ ವಿನಿಮಯವಾಗುತ್ತಿದ್ದವು.

ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ಪಟ್ಟಣಗಳಲ್ಲಿ ಇಂತಹ ಹಳೆಯ ಖಾನಾವಳಿಗಳು ಇತ್ತೀಚಿನ ವರ್ಷಗಳಲ್ಲಿ ಸೊರಗುತ್ತಿವೆ. ಕೆಲವು ಬಾಗಿಲು ಮುಚ್ಚಿದರೆ ಕೆಲವು ಇಡ್ಲಿ-ವಡೆ, ಗೋಬಿ ಮಂಚೂರಿಗಳ ಹೋಟೆಲುಗಳಾಗಿ ರೂಪ ಬದಲಿಸಿವೆ. ವಿಚಿತ್ರವೆಂದರೆ ಜೋಳದ ರೊಟ್ಟಿಗೆ ಇಂದು ಇರುವಷ್ಟು ಬೇಡಿಕೆ ಹಿಂದೆಂದೂ ಇರಲಿಲ್ಲ. ಬೆಂಗಳೂರಿನಲ್ಲಿ ‘ಉತ್ತರ ಕರ್ನಾಟಕದ ಊಟ’ ಎಂಬ ಫಲಕ ಕಂಡಲ್ಲಿ ಜನ ಸಾಲುಗಟ್ಟುತ್ತಾರೆ. ಹಾಗಿದ್ದೂ ರೊಟ್ಟಿಯ ತವರಿನಲ್ಲೇ ಖಾನಾವಳಿಗಳು ಏಕೆ ಸೊರಗುತ್ತಿವೆ? ಅವು ಉಳಿಯಬೇಕಾದರೆ ಏನಾಗಬೇಕು?

ಮುಂಬೈ ಪ್ರಾಂತ್ಯದ ಬಳುವಳಿ

‘ಖಾನಾವಳಿ’ ಎಂಬ ಪದ ಮರಾಠಿಯ ‘ಖಾನಾವಳ’ದ ಬಳಗಕ್ಕೆ ಸೇರಿದ್ದು. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಬೆಳಗಾವಿ, ಧಾರವಾಡ, ವಿಜಾಪುರ ಜಿಲ್ಲೆಗಳು ಮುಂಬೈ ಆಡಳಿತದಲ್ಲಿದ್ದವು. ರಾಮದುರ್ಗವು 1948ರಲ್ಲಿ ವಿಲೀನವಾಗುವ ತನಕ ಪ್ರತ್ಯೇಕ ಸಂಸ್ಥಾನವಾಗಿತ್ತು. ಕಚೇರಿ, ಕೋರ್ಟು, ಶಾಲೆ, ಮಾರುಕಟ್ಟೆಗಳು ತಾಲ್ಲೂಕು ಕೇಂದ್ರಗಳಲ್ಲಿ ನೆಲೆಯೂರಿದಂತೆ ಮನೆ ಬಿಟ್ಟು ಬಂದವರಿಗೆ ಮನೆಯ ಊಟ ಒದಗಿಸುವ ಕಸುಬೂ ಬೆಳೆಯಿತು.

ಈ ಕಸುಬನ್ನು ಕಟ್ಟಿದವರು ಬಹುಪಾಲು ಮಹಿಳೆಯರು. ಗಂಡನನ್ನು ಕಳೆದುಕೊಂಡವರು, ಹೊಲವಿಲ್ಲದವರು, ಮಕ್ಕಳನ್ನು ಓದಿಸಬೇಕಾದವರು ತಮ್ಮ ಮನೆಯ ಪಡಸಾಲೆಯಲ್ಲೇ ನಾಲ್ಕು ಮಂದಿಗೆ ಬಡಿಸಲು ತೊಡಗಿದರು. ದೊಡ್ಡ ಬಂಡವಾಳ ಬೇಕಿರಲಿಲ್ಲ. ಹಂಚು, ಒಲೆ, ಪಾತ್ರೆ ಮತ್ತು ರೊಟ್ಟಿ ಬಡಿಯುವ ಕೈ ಇದ್ದರೆ ಸಾಕಿತ್ತು. ತಿಂಗಳಿಗೊಮ್ಮೆ ಹಣ ಕೊಡುವವರ ಲೆಕ್ಕ ಒಂದು ವಹಿಯಲ್ಲಿರುತ್ತಿತ್ತು. ಪಗಾರ ತಡವಾದರೆ ಉದ್ರಿ ನಡೆಯುತ್ತಿತ್ತು.

ಊಟದ ಕ್ರಮ ಇಂದಿಗೂ ಹೆಚ್ಚು ಬದಲಾಗಿಲ್ಲ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ ಬದನೆ, ಮೊಳಕೆ ಕಾಳಿನ ಪಲ್ಯ, ದಿನಕ್ಕೊಂದು ಬಗೆಯ ಸೊಪ್ಪು, ಶೇಂಗಾ ಹಾಗೂ ಗುರೆಳ್ಳು ಚಟ್ನಿ, ಹಸಿ ಉಳ್ಳಾಗಡ್ಡಿ, ಮೊಸರು, ಕೊನೆಯಲ್ಲಿ ಅನ್ನ-ಸಾರು. ಅಮಾವಾಸ್ಯೆ, ಹಬ್ಬದ ದಿನ ಹೋಳಿಗೆ.

ಆದರೆ ಹಳೆಯದೆಲ್ಲವೂ ಹೊನ್ನಾಗಿರಲಿಲ್ಲ ಎಂಬುದನ್ನೂ ಹೇಳಲೇಬೇಕು. ಅನೇಕ ಖಾನಾವಳಿಗಳ ಫಲಕದ ಮೇಲೆ ಜಾತಿಯ ಹೆಸರಿರುತ್ತಿತ್ತು. ಇಂದು ಅದನ್ನು ‘ಶುದ್ಧ ಸಸ್ಯಾಹಾರ’ ಎಂಬ ಅರ್ಥದಲ್ಲಿ ಓದುವವರೇ ಹೆಚ್ಚು. ಒಂದು ಕಾಲಕ್ಕೆ ಆ ಫಲಕವು ಯಾರು ಒಳಗೆ ಬರಬಹುದು, ಯಾರು ಬರಬಾರದು ಎಂಬುದನ್ನೂ ಸೂಚಿಸುತ್ತಿತ್ತು. ಖಾನಾವಳಿ ಉಳಿಯಬೇಕೆಂದರೆ ಈ ಭೇದವೂ ಉಳಿಯಬೇಕೆಂದು ಅರ್ಥವಲ್ಲ. ಎಲ್ಲರಿಗೂ ಬಾಗಿಲು ತೆರೆದ ಖಾನಾವಳಿಗೆ ಮಾತ್ರ ಮುಂದಿನ ದಿನಗಳಿವೆ.

ಪೇಟೆಗೆ ಬರುವವ ಈಗ ಉಣ್ಣಲು ನಿಲ್ಲುವುದಿಲ್ಲ

ಖಾನಾವಳಿ ಸೊರಗಲು ಮೊದಲ ಕಾರಣ ಜನರ ಓಡಾಟದ ರೀತಿ ಬದಲಾದದ್ದು. ಹಿಂದೆ ಹಳ್ಳಿಯಿಂದ ತಾಲ್ಲೂಕು ಕೇಂದ್ರಕ್ಕೆ ಹೋಗುವುದೆಂದರೆ ಇಡೀ ದಿನದ ಕೆಲಸ. ಬೆಳಗಿನ ಬಸ್ಸಿಗೆ ಬಂದವರು ಸಂಜೆಯ ಬಸ್ಸಿಗೇ ಮರಳಬೇಕಿತ್ತು. ಮಧ್ಯಾಹ್ನದ ಊಟ ಪೇಟೆಯಲ್ಲೇ ಆಗಬೇಕಿತ್ತು. ಈಗ ಮನೆಗೊಂದು ಮೋಟಾರ್ ಬೈಕ್ ಇದೆ. ಬೆಳಿಗ್ಗೆ ಬಂದು ಮಧ್ಯಾಹ್ನದ ಊಟಕ್ಕೆ ಮನೆ ಸೇರುವವರೇ ಹೆಚ್ಚು. ಪಹಣಿಯಂತಹ ದಾಖಲೆ ಆನ್‌ಲೈನ್‌ನಲ್ಲಿ ದೊರೆಯುತ್ತಿರುವುದರಿಂದ ಕಚೇರಿಗೆ ಅಲೆಯುವ ದಿನಗಳೂ ಕಡಿಮೆಯಾಗಿವೆ. ಇದು ರೈತನಿಗೆ ಒಳಿತೇ. ಆದರೆ ಆ ಅಲೆದಾಟದ ನಡುವಿನ ಊಟವನ್ನೇ ನಂಬಿದ್ದ ಖಾನಾವಳಿಗೆ ಪೆಟ್ಟು ಬಿದ್ದಿದೆ.

ನಾಲ್ಕೂ ಊರುಗಳ ಕಥೆ ಒಂದೇ ತೆರನಾಗಿಲ್ಲ. ಬೈಲಹೊಂಗಲ ಉಪವಿಭಾಗ ಕೇಂದ್ರವಾದ್ದರಿಂದ ಕೋರ್ಟು, ಕಚೇರಿ, ಮಾರುಕಟ್ಟೆಗಳ ಜನಸಂಚಾರ ಇನ್ನೂ ಇದೆ. ಬೈಲಹೊಂಗಲದಿಂದ ಬೇರ್ಪಟ್ಟು ತಾಲ್ಲೂಕಾದ ಕಿತ್ತೂರು ಪುಣೆ-ಬೆಂಗಳೂರು ರಾಷ್ಟ್ರೀಯ ಹೆದ್ದಾರಿ 48ರ ಪಕ್ಕದಲ್ಲಿದೆ. ಹೆದ್ದಾರಿ ಅಗಲವಾದ ಮೇಲೆ ವಾಹನಗಳು ಧಾಬಾಗಳ ಮುಂದೆ ನಿಲ್ಲುತ್ತವೆಯೇ ಹೊರತು ಊರೊಳಗೆ ಬರುವುದು ಅಪರೂಪ. ಚನ್ನಮ್ಮನ ಕೋಟೆ ನೋಡಲು ಬಂದವರೂ ಊಟಕ್ಕೆ ಹೆದ್ದಾರಿಗೇ ಮರಳುತ್ತಾರೆ. ಅಕ್ಟೋಬರ್ 23ರಿಂದ ನಡೆಯುವ ಕಿತ್ತೂರು ಉತ್ಸವದ ಮೂರು ದಿನಗಳ ಜನಸಂದಣಿಯಿಂದ ವರ್ಷದ ಬಾಡಿಗೆ ಹುಟ್ಟುವುದಿಲ್ಲ.

ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಬನದ ಹುಣ್ಣಿಮೆ, ಭರತ ಹುಣ್ಣಿಮೆಗಳಂದು ಲಕ್ಷಾಂತರ ಭಕ್ತರು ಬರುತ್ತಾರೆ. ಆದರೆ ಅವರಲ್ಲಿ ಬಹಳಷ್ಟು ಜನ ಗುಡ್ಡದಲ್ಲೇ ಒಲೆ ಹೂಡಿ, ಹೋಳಿಗೆ-ಕಡುಬು ಮಾಡಿ, ಪಡ್ಡಲಗಿ ತುಂಬಿಸಿ ಅಲ್ಲೇ ಉಂಡು ಹೋಗುವವರು. ಹೀಗಾಗಿ ಜಾತ್ರೆಯ ಜನಸಂಖ್ಯೆಯನ್ನು ನೋಡಿ ಖಾನಾವಳಿಯ ಆದಾಯವನ್ನು ಅಳೆಯಲಾಗದು.

ರಾಮದುರ್ಗದ್ದು ಮಗ್ಗದ ಕಥೆ. ನೇಕಾರಿಕೆಯ ಈ ಊರಿನಲ್ಲಿ ಮಗ್ಗ ನಡೆದರೆ ಊಟ ನಡೆಯುತ್ತದೆ. 2019ರ ಆಗಸ್ಟ್‌ನಲ್ಲಿ ಮಲಪ್ರಭಾ ಉಕ್ಕಿ ಹರಿದಾಗ ಪಟ್ಟಣಕ್ಕೂ ನದಿ ತೀರದ ಹಳ್ಳಿಗಳಿಗೂ ನೀರು ನುಗ್ಗಿ ನೇಕಾರರ ಮಗ್ಗಗಳು ಹಾಳಾದವು. ಅದರ ಬೆನ್ನಿಗೇ 2020ರ ಲಾಕ್‌ಡೌನ್ ಬಂದಿತು. ದಿನದ ದುಡಿಮೆಯವನ ಕೈ ಬರಿದಾದಾಗ ಅವನಿಗೆ ಉದ್ರಿ ಕೊಟ್ಟವರ ಒಲೆಯೂ ಆರುತ್ತದೆ.

ಊಟದ ಪೈಪೋಟಿಯೂ ಬದಲಾಗಿದೆ. 2007ರ ಜುಲೈ 1ರಂದು ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಕುಡಿಯುವವರು ಕುಡಿತ ಬಿಡಲಿಲ್ಲ, ಬಾರುಗಳತ್ತ ಹೊರಳಿದರು. ಇಂದು ಸಂಜೆಯ ಹರಟೆ, ಊಟ ಎರಡೂ ‘ಬಾರ್ ಆ್ಯಂಡ್ ರೆಸ್ಟೋರೆಂಟ್’ಗಳಿಗೆ ವರ್ಗವಾಗಿವೆ. ಅಲ್ಲಿ ಮಹಿಳೆಗಾಗಲಿ, ಮಗುವನ್ನು ಕರೆದುಕೊಂಡು ಬಂದವನಿಗಾಗಲಿ, ಕುಡಿಯದ ಹಿರಿಯನಿಗಾಗಲಿ ಜಾಗವಿಲ್ಲ. ಇನ್ನೊಂದೆಡೆ 2017ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ ರಾಜ್ಯದ ಹಲವು ತಾಲ್ಲೂಕು ಕೇಂದ್ರಗಳಿಗೆ ವಿಸ್ತರಿಸಿದ ಇಂದಿರಾ ಕ್ಯಾಂಟೀನ್‌ಗಳು 10 ರೂಪಾಯಿಗೆ ಊಟ ನೀಡುತ್ತವೆ. ಬಡವನಿಗೆ ಅದು ವರವಾದರೂ ಆ ದರದೊಂದಿಗೆ ಸ್ಪರ್ಧಿಸುವುದು ಯಾವ ಖಾನಾವಳಿಗೂ ಸಾಧ್ಯವಿಲ್ಲ.

ಜೋಳವೂ ದೂರವಾಯಿತು

ಮಲಪ್ರಭಾ ದಂಡೆಯ ಎರೆ ಭೂಮಿ ಹಿಂಗಾರಿ ಬಿಳಿಜೋಳಕ್ಕೆ ಹೆಸರಾದದ್ದು. ಸವದತ್ತಿ ಬಳಿಯ ನವಿಲುತೀರ್ಥ ಜಲಾಶಯದ ನೀರಾವರಿ ಬಂದ ಮೇಲೆ ಕಬ್ಬು, ಗೋವಿನಜೋಳ ಹರಡಿದವು. ಎಂ.ಕೆ. ಹುಬ್ಬಳ್ಳಿ, ಮುನವಳ್ಳಿಗಳಲ್ಲಿ ಸಕ್ಕರೆ ಕಾರ್ಖಾನೆಗಳು ತಲೆಯೆತ್ತಿದವು. ಇಡೀ ದೇಶದಲ್ಲಿ 1970ರ ದಶಕದಲ್ಲಿ ಸುಮಾರು 1.6 ಕೋಟಿ ಹೆಕ್ಟೇರಿನಲ್ಲಿದ್ದ ಜೋಳ ಇತ್ತೀಚಿನ ವರ್ಷಗಳಲ್ಲಿ 40 ಲಕ್ಷ ಹೆಕ್ಟೇರಿನ ಆಸುಪಾಸಿಗೆ ಇಳಿದಿದೆ.

ಬೆಲೆಯೂ ಏರಿದೆ. ಮಾಲದಂಡಿ ಜೋಳಕ್ಕೆ ಕೇಂದ್ರ ಸರ್ಕಾರ 2014-15ರಲ್ಲಿ ನಿಗದಿಪಡಿಸಿದ ಬೆಂಬಲ ಬೆಲೆ ಕ್ವಿಂಟಲಿಗೆ 1,550 ರೂಪಾಯಿ. 2025-26ಕ್ಕೆ ಅದು 3,749 ರೂಪಾಯಿ. ಬೆಳೆಗಾರನಿಗೆ ಇದು ನ್ಯಾಯವಾದ ಏರಿಕೆಯೇ ಸರಿ. ಆದರೆ ಊಟದ ದರವನ್ನು ಅಷ್ಟೇ ವೇಗವಾಗಿ ಏರಿಸಲು ಖಾನಾವಳಿ ನಡೆಸುವವರು ಹಿಂಜರಿಯುತ್ತಾರೆ. ‘ಮನೆಯ ಊಟ’ಕ್ಕೆ ಹೆಚ್ಚು ದುಡ್ಡು ಕೇಳುವುದೆಂತು ಎಂಬ ಸಂಕೋಚ ಅವರದು. ಅದೇ ಗಿರಾಕಿ ಧಾಬಾದಲ್ಲಿ ಪನೀರು ಮಸಾಲೆಗೆ ಅದರ ಎರಡು ಪಟ್ಟು ಹಣ ತೆರುತ್ತಾನೆ.

ನಿಜವಾದ ಸಮಸ್ಯೆ: ಹಂಚಿನ ಮುಂದೆ ಕೂರುವವರಾರು?

ಮೇಲಿನ ಕಾರಣಗಳೆಲ್ಲ ನಿಜವೇ ಆದರೂ ಖಾನಾವಳಿಯ ಬಾಗಿಲು ಮುಚ್ಚಿಸುವ ಕಾರಣ ಬೇರೆಯದೇ ಇದೆ. ಅದು ರೊಟ್ಟಿ ಬಡಿಯುವವರ ಕೊರತೆ.

ಒಂದು ಸಣ್ಣ ಲೆಕ್ಕ ನೋಡಬಹುದು. ದಿನಕ್ಕೆ 100 ಊಟ, ಊಟಕ್ಕೆ ಎರಡು ರೊಟ್ಟಿ ಎಂದರೆ 200 ರೊಟ್ಟಿ. ಬಡಿದು, ಬೇಯಿಸಿ ತೆಗೆಯಲು ಒಂದು ರೊಟ್ಟಿಗೆ ಒಂದೂವರೆ ನಿಮಿಷ ಎಂದಿಟ್ಟುಕೊಂಡರೂ 300 ನಿಮಿಷ, ಅಂದರೆ ಐದು ತಾಸು ಬಿಡುವಿಲ್ಲದೆ ಬೆಂಕಿಯ ಮುಂದೆ ಕೂರಬೇಕು. ಕಟ್ಟಿಗೆ ಒಲೆಯಾದರೆ ಹೊಗೆ ಬೇರೆ. ಜೋಳದ ಹಿಟ್ಟಿನಲ್ಲಿ ಗೋಧಿಯಂತೆ ಜಿಗುಟಿಲ್ಲ. ಬಿಸಿನೀರಿನಲ್ಲಿ ನಾದಿ, ಅಂಗೈಯಿಂದ ತಟ್ಟಿ, ಒಡೆಯದಂತೆ ಎತ್ತಿ ಹಂಚಿಗೆ ಹಾಕುವುದು ಎಳವೆಯಿಂದಲೇ ರೂಢಿಯಾಗಬೇಕಾದ ಕೌಶಲ.

ಈ ಕೌಶಲಕ್ಕೆ ದೊರೆಯುವುದು ಕೂಲಿ ಮಾತ್ರ. ಅಡುಗೆಯವರ ಸಂಬಳ, ಪದವಿ, ಹೆಸರು ಯಾವುದೂ ರೊಟ್ಟಿ ಬಡಿಯುವವಳಿಗಿಲ್ಲ. ಮಾಲೀಕಳೇ ಹಂಚಿನ ಮುಂದೆ ಕೂರುವ ಕಡೆ ಅವಳ ದುಡಿಮೆಗೆ ಲೆಕ್ಕವೇ ಇರುವುದಿಲ್ಲ. ತಾಯಿ ಖಾನಾವಳಿ ನಡೆಸಿ ಓದಿಸಿದ ಮಗಳು ಶಿಕ್ಷಕಿಯೋ ನರ್ಸೋ ಆಗಿದ್ದಾಳೆ. ಅವಳು ಮತ್ತೆ ಒಲೆಯ ಮುಂದೆ ಕೂರಲಿ ಎಂದು ತಾಯಿಯೂ ಬಯಸುವುದಿಲ್ಲ, ಬಯಸಬೇಕಾಗಿಯೂ ಇಲ್ಲ. ಮಕ್ಕಳನ್ನು ಮೇಲೆತ್ತುವುದೇ ಖಾನಾವಳಿಯ ಉದ್ದೇಶವಾಗಿದ್ದರೆ ಆ ಉದ್ದೇಶ ನೆರವೇರಿದೆ. ಆದರೆ ಮಾಲೀಕಳ ಕೈ ಸೋತ ದಿನ ಖಾನಾವಳಿಯೂ ನಿಲ್ಲುತ್ತದೆ.

ಆದ್ದರಿಂದ ಖಾನಾವಳಿಯನ್ನು ಉಳಿಸುವುದೆಂದರೆ ರೊಟ್ಟಿ ಬಡಿಯುವ ಕೆಲಸವನ್ನು ಗೌರವದ, ಆದಾಯದ ಉದ್ಯೋಗವನ್ನಾಗಿ ಮಾಡುವುದು. ಉಳಿದೆಲ್ಲವೂ ಅದರ ನಂತರದ ಮಾತು.

ದಾರಿ ತೋರಿದ ಕಲಬುರಗಿ, ಮುಂಬೈ

ಇದು ಸಾಧ್ಯವೆಂಬುದಕ್ಕೆ ಉದಾಹರಣೆಗಳಿವೆ. ಕಲಬುರಗಿಯಲ್ಲಿ ಮಹಿಳೆಯರ ಸ್ವಸಹಾಯ ಗುಂಪುಗಳು ತಯಾರಿಸುವ ಜೋಳದ ರೊಟ್ಟಿಯನ್ನು ಜಿಲ್ಲಾಡಳಿತದ ನೆರವಿನಿಂದ ‘ಕಲಬುರಗಿ ರೊಟ್ಟಿ’ ಎಂಬ ಒಂದೇ ಹೆಸರಿನಡಿ ಮಾರುಕಟ್ಟೆಗೆ ತರಲಾಗಿದೆ. 2025ರ ಜೂನ್‌ನಲ್ಲಿ ಪ್ರಧಾನಿಯವರ ‘ಮನ್ ಕೀ ಬಾತ್’ನಲ್ಲೂ ಇದರ ಪ್ರಸ್ತಾಪವಾಯಿತು. ಒಬ್ಬೊಬ್ಬರೇ ಮಾಡುತ್ತಿದ್ದ ಕೆಲಸವನ್ನು ಒಟ್ಟುಗೂಡಿಸಿ, ಹೆಸರು ಕೊಟ್ಟು, ದೂರದ ಗಿರಾಕಿಗೂ ತಲುಪಿಸಿದ್ದು ಅದರ ಹಿರಿಮೆ.

ಮುಂಬೈಯ ಉದಾಹರಣೆ ಇನ್ನೂ ಹಳೆಯದು. ಬಟ್ಟೆ ಗಿರಣಿಗಳ ಕಾರ್ಮಿಕರಿಗೆ ಊಟ ಹಾಕುತ್ತಿದ್ದ ಖಾನಾವಳಿ ಮಹಿಳೆಯರನ್ನು 1975ರಲ್ಲಿ ಪ್ರೇಮಾ ಪುರವ ಅವರು ‘ಅನ್ನಪೂರ್ಣಾ ಮಹಿಳಾ ಮಂಡಳ’ದಡಿ ಸಂಘಟಿಸಿ, ಬಡ್ಡಿ ಸಾಹುಕಾರರ ಬದಲು ಬ್ಯಾಂಕುಗಳಿಂದ ಸಾಲ ಕೊಡಿಸಿದರು. 1982ರ ಗಿರಣಿ ಮುಷ್ಕರದಿಂದ ಉಣ್ಣುವವರೇ ಇಲ್ಲದಂತಾದಾಗ, ಸಂಘಟನೆಯಲ್ಲಿದ್ದವರಿಗೆ ಕೇಟರಿಂಗ್‌ನಂತಹ ಬೇರೆ ದಾರಿಗಳು ತೆರೆದಿದ್ದವು. ಮಗ್ಗ ನಿಂತರೆ ಊಟ ನಿಲ್ಲುವ ರಾಮದುರ್ಗಕ್ಕೆ ಇದರಲ್ಲಿ ನೇರ ಪಾಠವಿದೆ: ಒಂದೇ ಬಗೆಯ ಗಿರಾಕಿಯನ್ನು ನಂಬಿ ಕೂರಬಾರದು, ಒಬ್ಬಂಟಿಯಾಗಿಯೂ ಇರಬಾರದು.

ಎಚ್ಚರಿಕೆಯ ಪಾಠವೂ ಇದೆ. ಕೇರಳದಲ್ಲಿ ಕುಡುಂಬಶ್ರೀ ಮಹಿಳೆಯರು 2020ರಿಂದ ‘ಜನಕೀಯ ಹೋಟೆಲ್’ಗಳಲ್ಲಿ 20 ರೂಪಾಯಿಗೆ ಊಟ ನೀಡಿದರು. ಪ್ರತಿ ಊಟಕ್ಕೆ ಸರ್ಕಾರ 10 ರೂಪಾಯಿ ಸಹಾಯಧನ ಕೊಡುತ್ತಿತ್ತು. 2023ರಲ್ಲಿ ಸಹಾಯಧನ ನಿಂತಾಗ ಹಲವು ಹೋಟೆಲುಗಳು ಸಂಕಷ್ಟಕ್ಕೆ ಸಿಲುಕಿದವು. ಸಹಾಯಧನ ಸಲಕರಣೆಗೆ, ತರಬೇತಿಗೆ, ಜಾಗಕ್ಕೆ ಇರಲಿ. ಊಟದ ದರ ಮಾತ್ರ ತನ್ನ ಕಾಲ ಮೇಲೆ ನಿಲ್ಲುವಂತಿರಬೇಕು.

ಏನು ಮಾಡಬಹುದು?

ಒಂದು: ರೊಟ್ಟಿಗೆ ಹಂಚಿಕೆಯ ಅಡುಗೆಮನೆ. ಪ್ರತಿ ಖಾನಾವಳಿಯೂ ತನ್ನದೇ ಒಲೆ ಉರಿಸುವ ಬದಲು ಪಟ್ಟಣಕ್ಕೊಂದು ಸಾಮೂಹಿಕ ರೊಟ್ಟಿಮನೆ ಇದ್ದರೆ ಹೊಗೆಯಿಲ್ಲದ ಒಲೆ, ನಿಂತು ಕೆಲಸ ಮಾಡುವ ಕಟ್ಟೆ, ಸರದಿಯ ಪಾಳಿ ಸಾಧ್ಯ. ಬೆಳಿಗ್ಗೆ ಖಾನಾವಳಿಗಳಿಗೆ ಬಿಸಿ ರೊಟ್ಟಿ, ಮಧ್ಯಾಹ್ನದ ನಂತರ ಹಲವು ವಾರ ಕೆಡದೆ ಉಳಿಯುವ ಕಡಕ್ ರೊಟ್ಟಿ. ಕೇಂದ್ರದ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ಯೋಜನೆಯಡಿ 2020ರಿಂದ ಇಂತಹ ಘಟಕಗಳಿಗೆ ಶೇ 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿವರೆಗೆ ಸಾಲ ಆಧಾರಿತ ಸಹಾಯಧನ ನೀಡಲಾಗಿದೆ. ಸ್ವಸಹಾಯ ಗುಂಪುಗಳಿಗೆ ರಾಜ್ಯದ ‘ಸಂಜೀವಿನಿ’ ಅಭಿಯಾನ 2024ರಲ್ಲಿ ಆರಂಭಿಸಿದ ‘ಅಕ್ಕ ಕೆಫೆ’ ಮಾದರಿಯೂ ಕಣ್ಣ ಮುಂದಿದೆ. ಈಗಾಗಲೇ ಖಾನಾವಳಿ ನಡೆಸುತ್ತಿರುವವರನ್ನೂ ಇಂತಹ ಯೋಜನೆಗಳೊಳಗೆ ಸೇರಿಸಿಕೊಳ್ಳಬೇಕು.

ಎರಡು: ಜಾಗ. ಬಸ್ ನಿಲ್ದಾಣದ ಹತ್ತಿರದ ಪುರಸಭೆ ಮಳಿಗೆಗಳು ಹರಾಜಿನಲ್ಲಿ ಹೆಚ್ಚು ಬಾಡಿಗೆ ಕೂಗಿದವರ ಪಾಲಾಗುತ್ತವೆ. ಮೊಬೈಲ್ ಅಂಗಡಿಯೊಂದಿಗೆ ಖಾನಾವಳಿ ಸೆಣಸಲಾರದು. ಪ್ರತಿ ಪಟ್ಟಣದಲ್ಲಿ ಒಂದೆರಡು ಮಳಿಗೆಗಳನ್ನು ಮಹಿಳೆಯರ ಖಾನಾವಳಿಗೆಂದೇ ನಿಗದಿತ ಬಾಡಿಗೆಗೆ ಮೀಸಲಿಡುವುದು ಸ್ಥಳೀಯ ಸಂಸ್ಥೆಗಳು ಯೋಚಿಸಬೇಕಾದ ಸಂಗತಿ. ಯಲ್ಲಮ್ಮನ ಗುಡ್ಡದ ಅಭಿವೃದ್ಧಿಗೆ ಕೇಂದ್ರ ಸರ್ಕಾರ 2024ರಲ್ಲಿ 100 ಕೋಟಿ ರೂಪಾಯಿ ಮಂಜೂರು ಮಾಡಿದೆ. ಅಲ್ಲಿ ತಲೆಯೆತ್ತುವ ಕಟ್ಟಡಗಳಲ್ಲಿ ಸ್ಥಳೀಯ ರೊಟ್ಟಿ ಊಟಕ್ಕೆ ಜಾಗ ಸಿಗದಿದ್ದರೆ ಹೊರಗಿನ ಕಂಪನಿಗಳ ಮಳಿಗೆಗಳೇ ತುಂಬಿಕೊಳ್ಳುತ್ತವೆ.

ಮೂರು: ಮಹಿಳಾ ಗಿರಾಕಿ. 2023ರ ಜೂನ್ 11ರಂದು ‘ಶಕ್ತಿ’ ಯೋಜನೆ ಜಾರಿಯಾದ ಮೇಲೆ ಸರ್ಕಾರಿ ಬಸ್ಸುಗಳಲ್ಲಿ ಮಹಿಳೆಯರ ಪ್ರಯಾಣ ಬಹಳ ಹೆಚ್ಚಿದೆ. ಪೇಟೆಗೆ, ಗುಡ್ಡಕ್ಕೆ, ಕೋಟೆಗೆ ಬರುವವರಲ್ಲಿ ಅವರದೇ ದೊಡ್ಡ ಪಾಲು. ಆದರೆ ಮಹಿಳೆಯರೇ ನಡೆಸುವ ಖಾನಾವಳಿಗಳಲ್ಲಿ ಇಂದಿಗೂ ಉಣ್ಣಲು ಕೂರುವವರು ಹೆಚ್ಚಾಗಿ ಗಂಡಸರು. ಸ್ವಚ್ಛ ಶೌಚಾಲಯ, ಕೈತೊಳೆಯುವ ಜಾಗ, ಬೆಳಕು ಮತ್ತು ದರ ಬರೆದ ಫಲಕ ಇಷ್ಟಿದ್ದರೂ ಹೊಸ ಗಿರಾಕಿಗಳು ಒಳಬರುತ್ತಾರೆ.

ನಾಲ್ಕು: ಲೆಕ್ಕ ಮತ್ತು ತೆರಿಗೆಯ ತಿಳಿವಳಿಕೆ. ಸೇವಾ ವಲಯದಲ್ಲಿ ವರ್ಷದ ವಹಿವಾಟು 20 ಲಕ್ಷ ರೂಪಾಯಿ ಮೀರಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ಇದು ದೊಡ್ಡ ಮೊತ್ತವೆಂದು ತೋರಬಹುದು. ಆದರೆ 100 ರೂಪಾಯಿಯ ಊಟ ದಿನಕ್ಕೆ 55 ಮಾರಾಟವಾದರೆ ವರ್ಷಕ್ಕೆ 20 ಲಕ್ಷ ದಾಟುತ್ತದೆ. 2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಆಧಾರದ ಮೇಲೆ ರಾಜ್ಯದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸ್ ಬಂದಾಗ ಅನೇಕರು ಗಾಬರಿಯಿಂದ ಕ್ಯೂಆರ್ ಕೋಡ್ ಕಿತ್ತುಹಾಕಿದರು. ನೋಂದಣಿ ಮಾಡಿಸಿಕೊಳ್ಳುವವರಿಂದ ಹಳೆಯ ಬಾಕಿ ವಸೂಲು ಮಾಡುವುದಿಲ್ಲವೆಂದು ಆಗ ಮುಖ್ಯಮಂತ್ರಿ ಸಿದ್ದರಾಮಯ್ಯ ಪ್ರಕಟಿಸಿದ್ದರು. 1.5 ಕೋಟಿ ರೂಪಾಯಿವರೆಗಿನ ವಹಿವಾಟಿನ ಹೋಟೆಲುಗಳಿಗೆ ಶೇ 5ರ ಸರಳ ರಾಜಿ ತೆರಿಗೆ ಪದ್ಧತಿಯಿದೆ. ಆದರೆ ಅದನ್ನು ಗಿರಾಕಿಯಿಂದ ಪ್ರತ್ಯೇಕವಾಗಿ ವಸೂಲು ಮಾಡುವಂತಿಲ್ಲ. ಆದ್ದರಿಂದ ದರ ನಿಗದಿ ಮಾಡುವಾಗಲೇ ತೆರಿಗೆಯನ್ನೂ ಮಾಲೀಕಳ ದುಡಿಮೆಯ ಕೂಲಿಯನ್ನೂ ಸೇರಿಸಿಕೊಳ್ಳಬೇಕು.

ಐದು: ಊಟದಾಚೆಗಿನ ಕೆಲಸ. ಇಂಗ್ಲೆಂಡಿನಲ್ಲಿ ಹಳ್ಳಿಯ ಪಬ್‌ಗಳು ಮುಚ್ಚತೊಡಗಿದಾಗ 2001ರಲ್ಲಿ ಆರಂಭವಾದ ‘ಪಬ್ ಈಸ್ ದ ಹಬ್’ ಎಂಬ ಸಂಸ್ಥೆ ಅಂಚೆ, ಕಿರಾಣಿಯಂತಹ ಊರಿನ ಸೇವೆಗಳನ್ನು ಪಬ್‌ನೊಳಕ್ಕೆ ತರಲು ಉತ್ತೇಜನ ನೀಡಿತು. 2011ರ ಕಾಯ್ದೆಯೊಂದು, ಮಾರಾಟಕ್ಕೆ ಬಂದ ಇಂತಹ ತಾಣಗಳನ್ನು ಊರವರೇ ಕೊಳ್ಳಲು ಹಣ ಕೂಡಿಸುವಷ್ಟು ಕಾಲಾವಕಾಶ ಒದಗಿಸಿತು. ಊರಿಗೆ ಬೇಕಾದ ಇನ್ನೊಂದು ಕೆಲಸವನ್ನೂ ಹೊತ್ತುಕೊಂಡ ತಾಣ ಉಳಿಯುತ್ತದೆ ಎಂಬುದು ಅಲ್ಲಿನ ಅನುಭವ. ಖಾನಾವಳಿಯೂ ಹಾಗೆಯೇ ಚಟ್ನಿಪುಡಿ, ಕಡಕ್ ರೊಟ್ಟಿ, ಶೇಂಗಾ ಹೋಳಿಗೆಗಳ ಮಾರಾಟ, ಒಂಟಿಯಾಗಿರುವ ವೃದ್ಧರ ಮನೆಗೆ ಬುತ್ತಿ, ಆಸ್ಪತ್ರೆಯ ರೋಗಿಗೆ ಪಥ್ಯದ ಊಟ ಇವುಗಳನ್ನು ಕೈಗೆತ್ತಿಕೊಳ್ಳಬಹುದು. ಮಕ್ಕಳೆಲ್ಲ ಬೆಂಗಳೂರು, ಪುಣೆ ಸೇರಿ ಹಿರಿಯರಷ್ಟೇ ಉಳಿದ ಮನೆಗಳು ಈ ಪಟ್ಟಣಗಳಲ್ಲಿ ಹೆಚ್ಚುತ್ತಿರುವಾಗ ಇದು ಬರಿಯ ವ್ಯಾಪಾರವಲ್ಲ, ಊರಿನ ಅಗತ್ಯ.

ಊರವರ ಹೊಣೆ

ಖಾನಾವಳಿ ಮುಚ್ಚಿದರೆ ಹಸಿವೆಯಿಂದ ಯಾರೂ ಸಾಯುವುದಿಲ್ಲ, ಧಾಬಾ ಇದೆ, ಬೇಕರಿ ಇದೆ ಎಂಬ ವಾದವಿದೆ. ಆದರೆ ಕಿಸೆಯಲ್ಲಿ ಅಷ್ಟಿಷ್ಟು ದುಡ್ಡಿಟ್ಟುಕೊಂಡು ಬಂದ ಪರಸ್ಥಳದವನು ಅರ್ಧ ತಾಸು ನೆಮ್ಮದಿಯಿಂದ ಕುಳಿತು, ‘ಇನ್ನೊಂದು ರೊಟ್ಟಿ ಹಾಕ್ಲ್ಯಾ ಅಣ್ಣಾ’ ಎಂಬ ಮಾತು ಕೇಳಿ ಉಣ್ಣುವ ಜಾಗ ಇನ್ನೊಂದಿಲ್ಲ. ಆ ಮಾತನ್ನು ಆಡುವವಳ ಬದುಕು ಹಸನಾಗದೆ ಆ ಜಾಗ ಉಳಿಯದು. ಸರ್ಕಾರ, ಪುರಸಭೆ, ಬ್ಯಾಂಕುಗಳು ತಮ್ಮ ಪಾಲಿನ ಕೆಲಸ ಮಾಡಬೇಕು. ಅದರ ಜೊತೆಗೆ ಊಟದ ದರ ಹತ್ತು ರೂಪಾಯಿ ಏರಿದಾಗ ಗೊಣಗದೆ ಕೊಡುವ ಗಿರಾಕಿಯೂ ಬೇಕು. ಆ ಹತ್ತು ರೂಪಾಯಿ ಹಂಚಿನ ಮುಂದೆ ಐದು ತಾಸು ಕುಳಿತವಳ ಕೈ ಸೇರುವಂತಾದರೆ ಮಾತ್ರ ನಾಳೆ ಮತ್ತೊಬ್ಬಳು ಆ ಜಾಗದಲ್ಲಿ ಬಂದು ಕೂರುತ್ತಾಳೆ.